ಗೇಟಿನಲ್ಲಿ ನಿಂತು ಕರೆದವರು

ಸೊಗಡವರೆಯ ವಾಸನೆ ಒಮ್ಮೆ ಕೈಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಬೇಗೂರಿನಲ್ಲಿ ನಾನು ಹುಡುಗಿಯಾಗಿದ್ದಾಗ, ಧನುರ್ಮಾಸದ ಚಳಿಯಲ್ಲಿ, ಇಬ್ಬನಿ ಕುಡಿದ ಅವರೆಕಾಯಿಯನ್ನು ಹೊಲದಿಂದ ತಂದು ಹಜಾರದಲ್ಲಿ ಸುರಿಯುತ್ತಿದ್ದರು. ಎಣ್ಣೆಯಂಥ, ಸ್ವಲ್ಪ ಒಗರಾದ ಆ ವಾಸನೆ ನಾವು ಹೊದ್ದ ಕಂಬಳಿಯೊಳಕ್ಕೂ ಬರುತ್ತಿತ್ತು. ಸ್ಕೂಲಿನಲ್ಲಿ ಸ್ಲೇಟು ಮೂಸಿದರೂ ಅದೇ. ಮುಂದೆ ಬಿ.ಎ. ಓದುವಾಗ ಪಕ್ಕದಲ್ಲಿ ಕೂರುತ್ತಿದ್ದ ಪೇಟೆಯ ಹುಡುಗಿ ಮೂಗು ಮುಚ್ಚಿಕೊಂಡಳೆಂದು ನಾನು ಆ ತಿಂಗಳುಗಳಲ್ಲಿ ಕೈಗೆ ಪೌಡರು ಬಳಿದುಕೊಂಡು ಹೋಗುತ್ತಿದ್ದೆ.

ಮದುವೆಯಾಗಿ ಯಡಿಯೂರಿಗೆ ಬಂದ ಮೇಲೂ ಅವರೆಕಾಯಿ ಇತ್ತು. ಆದರೆ ಅದು ಹೊಲದಿಂದ ಬರುತ್ತಿರಲಿಲ್ಲ, ಮಾರ್ಕೆಟ್ಟಿನಿಂದ ಬರುತ್ತಿತ್ತು. ನಮ್ಮ ಅತ್ತೆ ಮುನಿವೆಂಕಟಮ್ಮನವರ ಕಾಲದಲ್ಲಿ ಕೆರೆಯವರೆಗೂ ಇದ್ದ ರಾಗಿ ಹೊಲ ಜಯನಗರದ ಸೈಟುಗಳಾಗಿ, ರಸ್ತೆಗಳಾಗಿ ಹೋಗಿತ್ತು. ನಮಗೆ ಉಳಿದದ್ದು ಊರೊಳಗಿನ ಗಲ್ಲಿಯಲ್ಲಿ ಹೆಂಚಿನ ಎರಡು ಕೋಣೆ, ಅದಕ್ಕೆ ಅಂಟಿಕೊಂಡ ಕೊಟ್ಟಿಗೆ, ಅದರಲ್ಲಿ ಎರಡು ಸೀಮೆಹಸು. ಮಾವ ತೀರಿಕೊಂಡಿದ್ದರು. ನಮ್ಮ ಯಜಮಾನರು ಫ್ಯಾಕ್ಟರಿಯ ಶಿಫ್ಟಿಗೆ ಹೋಗುತ್ತಿದ್ದರು. ಅತ್ತೆ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು, ಒಂದು ಕಾಲದ ತಮ್ಮ ಹೊಲದ ಮೇಲೆ ಎದ್ದ ಮನೆಗಳಿಗೆ ಹಾಲು ಹಾಕಿ ಬರುತ್ತಿದ್ದರು.

ಆ ಮನೆಗಳಲ್ಲಿ ಒಂದು ಶಾಂತಾದೇವಿಯವರದು. ಗಲ್ಲಿ ಮುಗಿದು ಲೇಔಟು ಶುರುವಾಗುವ ಮೂಲೆಯಲ್ಲೇ ಇತ್ತು. ಅವರ ಗಂಡ ರಾಮಪ್ರಸಾದರು ಬ್ಯಾಂಕಿನಿಂದ ರಿಟೈರಾದವರು. ಬಿಳಿ ಕಾಂಪೌಂಡು, ಹಸಿರು ಗೇಟು, ಗೇಟಿನ ಮೇಲೆ ಕಮಾನಾಗಿ ಹಬ್ಬಿದ ಮಲ್ಲಿಗೆ ಬಳ್ಳಿ. ಈರುಳ್ಳಿ ಕೂಡ ಅಪರೂಪಕ್ಕೆ ಬರುವ ಬ್ರಾಹ್ಮಣರ ಮನೆ. ಅತ್ತೆ ಗೇಟಿನ ಹೊರಗೆ ಚಪ್ಪಲಿ ಬಿಟ್ಟು, ವರಾಂಡದ ಮೆಟ್ಟಿಲ ಕೆಳಗೆ ನಿಂತು ಹಾಲು ಅಳೆದು ಕೊಡುತ್ತಿದ್ದರು. ಮೇಲೆ ಬನ್ನಿ ಎಂದು ಶಾಂತಾದೇವಿಯವರು ಕರೆದರೂ ಹತ್ತುತ್ತಿರಲಿಲ್ಲ.

ಎಂಬತ್ತೈದರ ಅವರೆಕಾಯಿ ಕಾಲದಲ್ಲಿ ಟೀವಿಯವರು ಬಂದರು. ಬೆಂಗಳೂರಿನ ಬಗ್ಗೆ ಏನೋ ಕಾರ್ಯಕ್ರಮವಂತೆ. ವ್ಯಾನು ಬಂದಿತೆಂದು ಗಲ್ಲಿಯ ಜನವೆಲ್ಲ ಮೂಲೆಗೆ ಓಡಿದರು. ನಾನೂ ಬಿಡಿಸುತ್ತಿದ್ದ ಅವರೆಕಾಯಿ ಬಿಟ್ಟು ಹೋದೆ. ಗಡ್ಡದ ಒಬ್ಬ ಯುವಕ, ಅವನೇ ಮುಖ್ಯಸ್ಥನಿರಬೇಕು, ಶಾಂತಾದೇವಿಯವರನ್ನು ಗೇಟಿನಲ್ಲಿ ನಿಲ್ಲಿಸಲು ನೋಡುತ್ತಿದ್ದ.

"ನನ್ನ ಬೇಡಪ್ಪಾ," ಎನ್ನುತ್ತಿದ್ದರು ಅವರು. "ಕ್ಯಾಮೆರಾ ಅಂದ್ರೆ ನಂಗೆ ಕೈಕಾಲು ನಡುಗತ್ತೆ. ಗೇಟು ತೊಗೊಳ್ಳಿ, ಮನೆ ತೊಗೊಳ್ಳಿ, ಹೂವಿನ ಕುಂಡ ತೊಗೊಳ್ಳಿ. ನನ್ನ ಬಿಟ್ಬಿಡಿ."

ಅಷ್ಟರಲ್ಲಿ ಕ್ಯಾನು ಹಿಡಿದು ಅತ್ತೆ ಬಂದರು. ಆ ಯುವಕ ಅವರ ಮುಖವನ್ನೇ ನೋಡಿದ. ಹಣೆಯ ಹಚ್ಚೆ, ಮೂಗುಬೊಟ್ಟು, ನಕ್ಕರೆ ಕಣ್ಣೆಲ್ಲ ನಗುವ ಮುಖ.

"ಅಜ್ಜಿ, ನೀವು ಈ ಏರಿಯಾದವ್ರೇನಾ?"

"ಏರಿಯಾ ಗೀರಿಯಾ ನಂಗೊತ್ತಿಲ್ಲಪ್ಪ. ಈ ಗೇಟ್ ನಿಂತಿರೋದು ನಮ್ ಹೊಲದ ಬದಿನ ಮೇಲೆ."

"ಹಂಗಾದ್ರೆ ನೀವೇ ಸರಿ! ಏನಿಲ್ಲ ಅಜ್ಜಿ, ಗೇಟ್ ತೆಗೆದು, ನಮ್ಮೂರಿಗೆ ಬನ್ನಿ ಅಂತ ಕರೀಬೇಕು. ಅಷ್ಟೇ."

"ಯಾರ್ನ ಕರೀಲಿ?"

"ನೋಡೋರ್ನೆಲ್ಲ."

"ಎಲ್ಲಾರ್ನೂ ಕರೆದ್ಬುಟ್ರೆ ಉಣ್ಣಾಕ್ ಇಕ್ಕೋರ್ಯಾರು, ನೀನಾ?"

ಎಲ್ಲರೂ ನಕ್ಕರು. ಶಾಂತಾದೇವಿಯವರು ಓಡಿಹೋಗಿ ತಮ್ಮದೊಂದು ರೇಷ್ಮೆ ಸೀರೆ ತಂದು, ಅತ್ತೆಯ ಹರಿದ ಸೆರಗು ಕಾಣದಂತೆ ಹೆಗಲಿಗೆ ಹೊದಿಸಿದರು. ಮೆಲ್ಲಗೆ, "ಚಳಿ ಅಲ್ವಾ, ಬೆಚ್ಚಗಿರತ್ತೆ," ಎಂದರು. ಟೀವಿಯವರು ಅತ್ತೆಯ ಕ್ಯಾನನ್ನು ಪಕ್ಕಕ್ಕೆ ಸರಿಸಿದರು. ಗಲ್ಲಿಯ ಬಾಯಿಯಲ್ಲಿ ನಿಂತಿದ್ದ ನಮ್ಮನ್ನೆಲ್ಲ ಇನ್ನಷ್ಟು ಹಿಂದಕ್ಕೆ ಹೋಗಿ ಎಂದರು. ಅತ್ತೆ ಗೇಟು ತೆರೆದು ಕೈಮುಗಿದು ಅವನು ಹೇಳಿಕೊಟ್ಟಂತೆ ಕರೆದರು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ತಾವಾಗಿ ಒಂದು ಮಾತು ಸೇರಿಸಿದರು.

ಆ ಮಾತು ಟೀವಿಯಲ್ಲೂ ಉಳಿದುಕೊಂಡಿತ್ತು. ಕಾರ್ಯಕ್ರಮ ಬಂದ ಸಂಜೆ ನಾವೆಲ್ಲ ಶಾಂತಾದೇವಿಯವರ ನಡುಮನೆಯಲ್ಲಿ ಕೂತಿದ್ದೆವು. ಅತ್ತೆ ಮಾತ್ರ ಅಂಗಳದಲ್ಲಿ ಕಿಟಕಿಯ ಹೊರಗೆ ನಿಂತು ನೋಡಿದರು. ಲಾಲ್‌ಬಾಗಿನ ಗಾಜಿನ ಮನೆ ಬಂತು, ಕಾರಂಜಿ ಬಂತು. ಆಮೇಲೆ ನಮ್ಮ ರಸ್ತೆ ಬಂತು. ನನಗೇ ಗುರುತು ಸಿಗಲಿಲ್ಲ. ಎರಡೂ ಕಡೆ ಮರ, ಕೆಳಗೆ ಉದುರಿದ ಹೂವು, ಒಬ್ಬ ಮನುಷ್ಯನಿಲ್ಲ, ಒಂದು ನಾಯಿಯಿಲ್ಲ, ಮಂದ್ರವಾಗಿ ವೀಣೆ. ಆಮೇಲೆ ಹಸಿರೋ ಬೂದುಬಣ್ಣವೋ ತಿಳಿಯದ ಆ ಗೇಟು. ಗೇಟು ತೆರೆಯಿತು. ರೇಷ್ಮೆ ಸೆರಗಿನ ನಮ್ಮ ಅತ್ತೆ.

"ಬನ್ನಿ, ನಮ್ಮೂರಿಗೆ ಬನ್ನಿ. ಬಂದೋರು ಊಟ ಮಾಡ್ಕೊಂಡೇ ಹೋಗ್ಬೇಕು."

ಎಲ್ಲರೂ ಚಪ್ಪಾಳೆ ಹೊಡೆದರು. "ಮುನೆಂಕ್ಟಕ್ಕ ಈಗ ಹೀರೋಯಿನ್ನು, ನಾಳೆಯಿಂದ ಹಾಲಿನ ರೇಟು ಜಾಸ್ತಿ!" ಎಂದು ಯಾರೋ ಕೂಗಿದರು. ಗೇಟಿನ ಎಡಕ್ಕೆ ಇನ್ನು ನಾಲ್ಕು ಹೆಜ್ಜೆ ಕ್ಯಾಮೆರಾ ತಿರುಗಿದ್ದರೆ ನಮ್ಮ ಗಲ್ಲಿಯ ಮೋರಿ, ಗೋಡೆಗೆ ತಟ್ಟಿದ ಬೆರಣಿ, ನಲ್ಲಿಯ ಮುಂದಿನ ಕೊಡಗಳ ಸಾಲು ಕಾಣುತ್ತಿತ್ತು. ಕಾಣಲಿಲ್ಲವಲ್ಲ ಎಂದು ನನಗೆ ಎದೆ ಹಗುರಾಯಿತು. ಮರುಗಳಿಗೆಯೇ, ನಮ್ಮ ಮನೆ ಕಾಣದಿದ್ದದ್ದಕ್ಕೆ ನಾನೇ ಸಂತೋಷಪಟ್ಟೆನಲ್ಲ ಎಂದು ನಾಚಿಕೆಯಾಯಿತು. ಕಿಟಕಿಯಾಚೆ ಅತ್ತೆಯ ಕಡೆ ತಿರುಗಿ ನೋಡಲಿಲ್ಲ.

ಹದಿನೈದು ದಿನ ಕಳೆದಿರಬಹುದು. ಅತ್ತೆಯ ತಮ್ಮ ಬೈರಣ್ಣ ಮಾಲೂರು ಕಡೆಯಿಂದ ಟೊಮೇಟೊ ಲಾರಿಯಲ್ಲಿ ಬಂದವರು ಮನೆಗೆ ಬಂದರು. ನನ್ನ ನಾದಿನಿ ಗೌರಿಯನ್ನು ಆ ಕಡೆಯ ಹಳ್ಳಿಗೆ ಕೊಟ್ಟಿತ್ತು. ಅವಳಿಗೆ ಏಳು ತುಂಬಿ ಎಂಟರಲ್ಲಿ ಬಿದ್ದಿತ್ತು, ಚೊಚ್ಚಲು. ಕರೆದುಕೊಂಡು ಬರಬೇಕೆಂದು ಅತ್ತೆ ದಿನವೂ ಅನ್ನುತ್ತಿದ್ದರು.

"ನೀವ್ಯಾರೂ ಹೋಗೋದು ಬ್ಯಾಡ," ಎಂದರು ಬೈರಣ್ಣ. "ಬೀಗ್ರೇ ಗುರುವಾರ ಮಗೀನ ಕರ್ಕೊಂಡ್ ಬತ್ತಾವ್ರೆ. ಗಂಡ ಹೆಂಡ್ತಿ ಇಬ್ರೂವೆ."

ಅತ್ತೆಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಯಾರ್ ಕರೆದ್ರು ಅವ್ರನ್ನ?"

"ನೀನೇ ಕರೆದ್ಯಲ್ಲವ್ವ! ಪಂಚಾಯ್ತಿ ಟೀವಿಲಿ ಊರೋರೆಲ್ಲ ನೋಡವ್ರೆ. ನಮ್ ಬೀಗಿತ್ತಿ ಬಾಗಿಲಲ್ಲಿ ನಿಂತು ಕೈಮುಗ್ದು ಕರೆದವ್ಳೆ, ಊಟ ಮಾಡ್ಕೊಂಡೋಗಿ ಅಂದವ್ಳೆ, ಹೋಗ್ದಿದ್ರೆ ಮರ್ವಾದೆ ಅಲ್ಲ ಅಂತ ಗೌರಿ ಮಾವ ಚಿನ್ನಪ್ಪ ಕಟ್ಟೆ ಮ್ಯಾಲ್ ಕೂತು ಸಾರ್ತಾವ್ನೆ."

ನಮ್ಮವರಲ್ಲಿ ಮನೆಯ ಹಿರಿಯಳು ಬಾಗಿಲಲ್ಲಿ ನಿಂತು 'ಬನ್ನಿ' ಎಂದರೆ ಅದು ಬರಿಯ ಉಪಚಾರದ ಮಾತಲ್ಲ, ಕರೆ. ಕರೆದ ಮೇಲೆ ಉಣ್ಣಿಸಲೇಬೇಕು. ಹಾಗೆಯೇ ಕರೆಯದ ಮನೆಯ ಹೊಸಲನ್ನು ಬೀಗರು ತುಳಿಯುವುದಿಲ್ಲ. ಗೌರಿಯ ಮದುವೆಯಾಗಿ ಒಂದೂವರೆ ವರ್ಷವಾಗಿದ್ದರೂ ಅತ್ತೆ ಆ ಕರೆ ಕೊಟ್ಟಿರಲಿಲ್ಲ. ಮಾತುಕತೆ ಬೈರಣ್ಣನವರ ಮನೆಯಲ್ಲಿ ಆಗಿತ್ತು, ಮದುವೆ ಗಂಡಿನ ಊರಿನಲ್ಲೇ ಆಗಿತ್ತು. ಮನೆ ಕಟ್ಟಿಸುತ್ತಿದ್ದೇವೆ, ಮುಗಿಯಲಿ, ಕರೆಯುತ್ತೇವೆ ಎಂದು ಅತ್ತೆ ಆಗ ಹೇಳಿದ್ದರು. ಕಟ್ಟಿಸುವ ಮನೆ ಯಾವುದೂ ಇರಲಿಲ್ಲ.

"ಈಗ ಮನೆ ಮುಗೀತು ಅಂದ್ಕೊಂಡವ್ರೆ," ಎಂದು ಬೈರಣ್ಣ ತಲೆ ಕೆರೆದುಕೊಂಡರು.

ಮರುದಿನವೇ ಅತ್ತೆ ಕೆಲಸಕ್ಕೆ ನಿಂತರು. ಗೋಡೆಗೆ ಸುಣ್ಣ ಬಳಿದರು. ಕೊಟ್ಟಿಗೆಯನ್ನು ಎರಡೆರಡು ಸಲ ತೊಳೆದರು. ನಡುವೆ ಕೈನಿಲ್ಲಿಸಿ, "ಮಗೀನ ಬುಟ್ಟೋಗಲ್ಲ ಅಂದ್ಬುಟ್ರೆ? ಇಂಥ ಕೊಂಪೇಲಿ ಹೆರಿಗೆ ಮಾಡ್ಸಲ್ಲ ಅಂತ ವಾಪಸ್ ಕರ್ಕೊಂಡೋದ್ರೆ?" ಎನ್ನುತ್ತಿದ್ದರು. ಬಸ್ಸಿನಿಂದ ಇಳಿಯುತ್ತಲೇ ಸಿಕ್ಕಿ ದಾರಿಯಲ್ಲಿ ಎಲ್ಲ ಹೇಳಿಬಿಡುತ್ತೇನೆ, ಮನೆ ಸೇರುವ ಹೊತ್ತಿಗೆ ಅವರ ಮನಸ್ಸು ತಣ್ಣಗಾಗಿರುತ್ತದೆ ಎಂದು ನಾನು ಧೈರ್ಯ ಹೇಳಿದೆ. ಓದಿದವಳು, ಮಾತು ಹೇಗೆ ಜೋಡಿಸಬೇಕೆಂದು ಗೊತ್ತಿರುತ್ತದೆ ಎಂದು ಅತ್ತೆ ನಂಬಿದರು.

ಗುರುವಾರ ಬೆಳಿಗ್ಗೆಯೇ ಕುರಿಯ ಬಾಡು ತಂದು ಒಲೆಯ ಮೇಲಿಟ್ಟದ್ದಾಯಿತು. ನಾನು ಜಯನಗರದ ಕಾಂಪ್ಲೆಕ್ಸಿನ ಬಸ್‌ಸ್ಟ್ಯಾಂಡಿಗೆ ಹೋಗಿ ಒಂದೊಂದು ಬಸ್ಸನ್ನೂ ನೋಡಿದೆ. ಅವರು ಬರಲಿಲ್ಲ. ಬಿಸಿಲೇರಿದ ಮೇಲೆ ಹಿಂದಿರುಗಿ ನಮ್ಮ ಮೂಲೆಗೆ ಬಂದರೆ, ಶಾಂತಾದೇವಿಯವರ ವರಾಂಡದ ಬೆತ್ತದ ಕುರ್ಚಿಯಲ್ಲಿ ಚಿನ್ನಪ್ಪನವರು ಕೂತಿದ್ದರು. ಬಿಳಿ ಪಂಚೆ, ಮೊಣಕಾಲ ಮೇಲೆ ಬಿಚ್ಚಿಟ್ಟ ರುಮಾಲು. ಪಕ್ಕದ ಬೆಂಚಿನ ಮೇಲೆ ಅವರ ಹೆಂಡತಿ ನಾರಾಯಣಮ್ಮ, ಕಾಲ ಬಳಿ ಸೋರೆಕಾಯಿ ತುಂಬಿದ ಚೀಲ. ಮೆಟ್ಟಿಲ ಮೇಲೆ ಗೌರಿ, ಹೊಟ್ಟೆಯ ಮೇಲೆ ಕೈಯಿಟ್ಟು, ತಲೆಯೆತ್ತದೆ.

ನನ್ನನ್ನು ಕಂಡು ಎದ್ದು ಬಂದವಳೇ ಕಿವಿಯ ಬಳಿ ಉಸುರಿದಳು. "ಆಟೋದಲ್ ಬಂದ್ವಿ ಅತ್ತಿಗೆ. ಮಾವ ಗೇಟ್ ನೋಡಿದ್ದೇ ನಿಲ್ಸಪ್ಪಾ ನಿಲ್ಸು ಅಂತ ಕೂಗಿ ಇಳ್ದೇಬುಟ್ರು. ನಂಗೆ ಬಾಯೇ ಬರ್ಲಿಲ್ಲ."

ಶಾಂತಾದೇವಿಯವರು ತಟ್ಟೆಯಲ್ಲಿ ಬೆಲ್ಲ, ಹಿತ್ತಾಳೆ ಚೊಂಬಿನಲ್ಲಿ ನೀರು ತಂದಿಟ್ಟರು. ನನ್ನನ್ನು ಒಂದು ಕ್ಷಣ ನೋಡಿದರು. ಆ ನೋಟದಲ್ಲೇ ಅವರಿಗೆ ಎಲ್ಲ ಅರ್ಥವಾಗಿದೆ ಎಂದು ನನಗೆ ಗೊತ್ತಾಯಿತು.

"ಇವ್ರು ಬಲೇ ಒಳ್ಳೇರು ಕಣಮ್ಮ," ಎಂದರು ಚಿನ್ನಪ್ಪನವರು ನನಗೆ. "ನೀವಿಲ್ಲಿ ಬಾಡಿಗೆಗಿದ್ದೀರಾ ಅಂದೆ. ಹೂಂ, ಹಂಗೇ ಅನ್ಕೊಳ್ಳಿ ಅಂದ್ರು. ಬಾಡಿಗೆಯೋರು ಹಿಂಗ್ ಉಪಚಾರ ಮಾಡದ್ನ ನಾನ್ ಎಲ್ಲೂ ಕಂಡಿಲ್ಲ."

ನಾನು ಅತ್ತೆಯನ್ನು ಕರೆತರುತ್ತೇನೆಂದು ಹೊರಟೆ. ಶಾಂತಾದೇವಿಯವರು ಗೇಟಿನವರೆಗೆ ಬಂದು ಮೆಲ್ಲಗೆ ಹೇಳಿದರು. "ಪುಟ್ಟಲಕ್ಷ್ಮಿ, ಇವತ್ತೊಂದಿನ ಇದು ನಿಮ್ಮನೆ ಅಂತಾನೇ ಇರ್ಲಿ ಬಿಡು. ನಮ್ಮನೆಯವ್ರಿಗೆ ನಾನು ಹೇಳ್ತೀನಿ. ಆದ್ರೆ..." ಅವರ ಮುಖ ಕೆಂಪಾಯಿತು. "ಊಟ ಮಾತ್ರ... ಅದನ್ನ ಇಲ್ಲಿಗೆ ತರೋದು... ನಿಂಗೇ ಗೊತ್ತಲ್ಲ." ಅಷ್ಟು ಹೇಳುವುದಕ್ಕೆ ಅವರಿಗೆ ಎಷ್ಟು ಕಷ್ಟವಾಯಿತೆಂದರೆ, ನಾನೇ ಅವರ ಕೈ ಹಿಡಿದು ಪರವಾಗಿಲ್ಲ ಎಂದೆ.

ಅತ್ತೆ ಒಲೆಯ ಮುಂದೆ ಇದ್ದರು. ವಿಷಯ ಕೇಳಿ ಗೋಡೆಗೆ ಒರಗಿದರು.

"ಹೇಳ್ಬಿಡೋಣ ಅತ್ತೆ. ನಾನೇ ಹೇಳ್ತೀನಿ."

"ಏನಂತ ಹೇಳೀಯೇ? ಊರೋರ್ ಮುಂದೆ ಮೆರೆದವ್ನೆ ಆ ಮನ್ಸ. ಮಗೀನ್ ಗತಿ ಏನು?" ಕಣ್ಣೊರೆಸಿಕೊಂಡು ಸೀರೆ ಬದಲಿಸಿದರು. "ನಡಿ. ಒಂದ್ ಗಳಿಗೆ ಕೂತು ಮಾತಾಡ್ಸೋಣ. ಆಮ್ಯಾಕೆ ದೇವ್ರು ದಾರಿ ತೋರ್ಸಲಿ."

ಗೇಟಿನ ಬಳಿ ಬಂದಾಗ ಅವರ ಕಾಲು ತಾನಾಗಿ ನಿಂತಿತು. ದಿನದಂತೆ ಹೊರಗೆ ಚಪ್ಪಲಿ ಬಿಟ್ಟರು. ಒಳಗೆ ಹೋಗಿ, ದಿನದಂತೆ ಮೆಟ್ಟಿಲ ಕೆಳಗೆ ನಿಂತು ಕೈಮುಗಿದರು.

"ಬಾ ಅಕ್ಕಾ ಬಾ!" ಚಿನ್ನಪ್ಪನವರು ಎದ್ದು ನಿಂತರು. "ಟೀವಿಲ್ ಕಂಡಂಗೇ ಇದ್ದೀಯ. ನಿಮ್ಮೂರ್ ಮಾತ್ರ ಕಂಡಂಗಿಲ್ಲ ನೋಡು! ಟೀವಿಲಿ ರಸ್ತೇಲಿ ಒಂದ್ ನರಪಿಳ್ಳೆ ಇರ್ಲಿಲ್ಲ, ವೀಣೆ ಬಾರಿಸ್ತಿದ್ರು. ಇಲ್ಲಿ ಮಾರ್ಕೆಟ್ಟಲ್ಲಿ ಇಳಿದ್ರೆ ಜನ ಜನ ಜನ. ವೀಣೆ ಎಲ್ಲಿ ಬಂತು, ಹಾರನ್ನು! ಒಬ್ಬ ಕಂಡಕ್ಟ್ರು ನನ್ನ, ಏಯ್ ಯಜಮಾನ, ಸೋರೆಕಾಯ್ಗೂ ಟಿಕೆಟ್ ತಗೋ ಅಂತ ಗದರಿಬುಟ್ಟ. ಅದಕ್ಕೇ ಆಟೋ ಹಿಡ್ದೆ. ಈ ಗೇಟ್ ಕಂಡ್ ಮ್ಯಾಲೆ ಜೀವ ಬಂತು."

ಅತ್ತೆ ನಗಲು ನೋಡಿದರು.

"ಅಲ್ಲಾ ಅಕ್ಕಾ, ನಿಮ್ಮನೇಲಿ ನೀನ್ಯಾಕ್ ಕೆಳಗ್ ನಿಂತಿದ್ದೀಯ? ಮ್ಯಾಕ್ ಬಾ."

ಅತ್ತೆ ಒಂದು ಮೆಟ್ಟಿಲು ಹತ್ತಿದರು. ಅಲ್ಲಿಗೆ ನಿಂತರು.

"ಒಳಗೆಲ್ಲ ತೋರ್ಸು, ನೋಡಾನ. ಊರಿಗೋಗಿ ಹೇಳ್ಬೇಕಲ್ಲ."

ಅತ್ತೆ ಆ ಮನೆಯ ಹೊಸಲು ನೋಡಿದರು. ಇಷ್ಟು ವರ್ಷ ಹಾಲು ಹಾಕಿದ ಮನೆ, ಹೊಸಲಿನಾಚೆ ಎಡಕ್ಕೆ ಏನಿದೆ ಬಲಕ್ಕೆ ಏನಿದೆ ಅವರಿಗೆ ಗೊತ್ತಿರಲಿಲ್ಲ. ಶಾಂತಾದೇವಿಯವರು ಬಾಗಿಲಿನಿಂದ, "ಬನ್ನಿ ಮುನಿವೆಂಕಟಮ್ಮ, ಪರವಾಗಿಲ್ಲ, ಬನ್ನಿ," ಎಂದರು.

ಅದುವರೆಗೆ ಬೆಲ್ಲದ ಚೂರು ಕೈಯಲ್ಲಿ ಹಿಡಿದು ಕೂತಿದ್ದ ನಾರಾಯಣಮ್ಮ ತಲೆಯೆತ್ತಿದರು. ಬಾಗಿಲಲ್ಲಿದ್ದವರನ್ನು ನೋಡಿದರು, ಮೆಟ್ಟಿಲ ಮೇಲಿನ ಅತ್ತೆಯನ್ನು ನೋಡಿದರು, ಅವರ ಬರಿಗಾಲು ನೋಡಿದರು.

ಚಿನ್ನಪ್ಪನವರು ಮೂಗೆತ್ತಿ ಗಾಳಿ ಎಳೆದರು. "ಅದ್ಸರಿ, ಬೀಗ್ರು ಬಂದವ್ರೆ, ಒಂದೀಟು ಮಸಾಲೆ ಘಮಲಿಲ್ವಲ್ಲಾ? ಊದುಬತ್ತಿ ವಾಸ್ನೆ ಕುಡ್ಸಿ ಕಳಿಸ್ಬೇಕು ಅಂತ ಮಾಡಿದ್ದೀಯ?" ಎಂದು ಜೋರಾಗಿ ನಕ್ಕರು.

"ಅಡ್ಗೆ ಆಗೈತೆ," ಎಂದರು ಅತ್ತೆ. "ಆ ಕಡೆ ಮನೇಲಿ."

"ಆ ಕಡೆ ಮನೆ? ಎರಡ್ ಮನೆಯಾ! ಭಲೆ ಅಕ್ಕಾ, ಟೀವಿಲಿ ಒಂದೇ ತೋರ್ಸಿದ್ರು!"

ಯಾರೂ ನಗಲಿಲ್ಲ. ಅವರೊಬ್ಬರ ನಗು ಮಾತ್ರ ವರಾಂಡದಲ್ಲಿ ಉಳಿಯಿತು. ಮೆಟ್ಟಿಲ ಮೇಲಿದ್ದ ಗೌರಿ, ಮುಖ ಕೈಯಲ್ಲಿ ಮುಚ್ಚಿಕೊಂಡೇ ಹೇಳಿದಳು.

"ಮಾವ, ಇದು ನಮ್ಮನೆ ಅಲ್ಲ. ಅವ್ರು ಬಾಡಿಗೆಯವ್ರಲ್ಲ. ಅವ್ವ ಇಲ್ಲಿ ಹಾಲು ಹಾಕ್ತಾಳೆ."

ಚಿನ್ನಪ್ಪನವರು ಕೂತಿದ್ದ ಕುರ್ಚಿಯನ್ನು ಮುಟ್ಟಬಾರದ್ದನ್ನು ಮುಟ್ಟಿದವರಂತೆ ನೋಡಿ ದೂರ ಸರಿದರು. ರುಮಾಲನ್ನು ತೆಗೆದು ಸುತ್ತಿಕೊಳ್ಳಲು ಹೋದರು, ಅದು ನಿಲ್ಲಲಿಲ್ಲ. ಅತ್ತೆ ಯಾರ ಮುಖವನ್ನೂ ನೋಡದೆ ತಿರುಗಿ ಗೇಟು ದಾಟಿದರು. ಬಿಟ್ಟ ಚಪ್ಪಲಿಯ ಕಡೆ ಕೂಡ ನೋಡದೆ, ಕಾದ ಟಾರಿನ ಮೇಲೆ ಬರಿಗಾಲಲ್ಲಿ ಗಲ್ಲಿಯೊಳಗೆ ಹೋದರು.

"ತಪ್ಪು ತಿಳೀಬೇಡಿ," ಎಂದು ಶಾಂತಾದೇವಿಯವರು ಚಿನ್ನಪ್ಪನವರಿಗೆ ಕೈಮುಗಿದರು. "ಅವ್ರು ಸುಳ್ಳು ಹೇಳಿಲ್ಲ. ಟೀವಿಯವ್ರು ನಿಲ್ಸಿದ ಕಡೆ ನಿಂತ್ರು, ಅಷ್ಟೇ."

"ನೀವ್ಯಾಕಮ್ಮ ಕೈಮುಗೀತೀರ," ಎಂದರು ಅವರು ಒರಟಾಗಿ. ಆದರೆ ತಾವೂ ಕೈಮುಗಿದರು.

ನಾನು ಮುಂದೆ, ಅವರು ಹಿಂದೆ. ಗಲ್ಲಿಯಲ್ಲಿ ಮೋರಿ ದಾಟಲು ಹಾಕಿದ್ದ ಕಲ್ಲು ಅಲ್ಲಾಡಿತು. ನಲ್ಲಿಯ ಬಳಿ ಇಬ್ಬರು ಹೆಂಗಸರು ಕೊಡದ ವಿಷಯಕ್ಕೆ ಜಗಳವಾಡುತ್ತಿದ್ದವರು ನಮ್ಮನ್ನು ನೋಡಿ ಸುಮ್ಮನಾದರು. ಬೆರಣಿಯ ಗೋಡೆ ದಾಟಿ ನಮ್ಮ ಬಾಗಿಲಿಗೆ ಬಂದೆವು. ಹೊಸದಾಗಿ ಬಳಿದ ಸುಣ್ಣ ನಮ್ಮ ಬಡತನವನ್ನು ಇನ್ನಷ್ಟು ಎದ್ದು ಕಾಣಿಸುತ್ತಿತ್ತು. ಒಳಗಿನಿಂದ ಬಾಡಿನ ಸಾರಿನ ಘಮ ಬರುತ್ತಿತ್ತು. ಅತ್ತೆ ಕಾಣಲಿಲ್ಲ.

"ಬನ್ನಿ, ಒಳಗೆ ಬನ್ನಿ," ಎಂದೆ.

ಚಿನ್ನಪ್ಪನವರು ಹೊಸಲಿನ ಈಚೆಗೆ ನಿಂತರು. "ಕರೆದದ್ದು ಆ ಬಾಗಿಲಿಗೆ ಕಣವ್ವ. ಈ ಬಾಗಿಲಿಗೆ ನಮ್ಮನ್ನ ಯಾರೂ ಕರೆದಿಲ್ಲ."

"ನಾನು ಕರೀತಿದ್ದೀನಲ್ಲ."

"ನೀನ್ ಸೊಸೆ. ಹಿರೇಳು ಕರೀಲಿ." ಅವರ ಧ್ವನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ಮನೆ ಚಿಕ್ದು ಅಂತ ನಾನ್ ಅಂದ್ನಾ? ನಮ್ಮೂರಲ್ಲಿ ನಂದೇನ್ ಅರಮನೆಯಾ? ಕಟ್ಟೆ ಮ್ಯಾಲೆ ಅಷ್ಟ್ ಜನದ್ ಮುಂದೆ ನಮ್ ಬೀಗಿತ್ತಿ, ನಮ್ ಬೀಗಿತ್ತಿ ಅಂದೆ. ಕಂಡೋರ ಕುರ್ಚೀಲಿ ಕಾಲ್ ಮ್ಯಾಲ್ ಕಾಲ್ ಹಾಕಿ ಕೂತು, ಮನೆ ಯಜಮಾನ್ತೀನೇ ಬಾಡಿಗೆಯೋಳಾ ಅಂದ್ನಲ್ಲವ್ವ." ಗೌರಿಯ ಕಡೆ ತಿರುಗಿದರು. "ಬಟ್ಟೆ ಗಂಟು ತಗೋ ಮಗಾ. ಸಂಜೆ ಬಸ್ಸಿಗೆ ಹೊಂಟೋಗಾನ. ಹೆರಿಗೆ ಅಲ್ಲೇ ಆಗ್ಲಿ."

ಗೌರಿ ಗಂಟು ತೆಗೆದುಕೊಳ್ಳಲಿಲ್ಲ. ಗೋಡೆ ಹಿಡಿದು ನಿಂತು ಅಳತೊಡಗಿದಳು. ನಾನು ಕೊಟ್ಟಿಗೆಗೆ ಓಡಿದೆ.

ಅತ್ತೆ ಹಸುವಿನ ಗೋದಲಿಯ ಪಕ್ಕ, ಹುಲ್ಲಿನ ಹೊರೆಯ ಮೇಲೆ ಕೂತಿದ್ದರು. ಸೆರಗು ಮುಖದ ಮೇಲಿತ್ತು.

"ಅತ್ತೆ, ಬಾಗಿಲಿಗೆ ಬಂದು ಒಂದೇ ಒಂದು ಮಾತು ಬನ್ನಿ ಅನ್ನಿ. ಅಷ್ಟು ಸಾಕು. ಇಲ್ದಿದ್ರೆ ಗೌರೀನ ಕರ್ಕೊಂಡು ಹೋಗ್ತಾರೆ."

"ಆಗಲ್ಲ ಕಣೇ."

"ಗೌರಿ ಅಳ್ತಿದ್ದಾಳೆ ಅತ್ತೆ."

"ಆಗಲ್ಲ. ಆ ಗೇಟಲ್ ನಿಂತು ನಗ್ತಾ ಕರೆದೋಳು, ಈ ಬಾಗಿಲಲ್ಲಿ ಯಾವ್ ಮಕ ಇಟ್ಕೊಂಡ್ ಕರೀಲಿ? ನಾನ್ ಸುಳ್ಳಿ. ಬೀಗ್ರಿಗೇ ಸುಳ್ಳ್ ಹೇಳ್ದೋಳು."

ನನ್ನ ಬಿ.ಎ. ಓದಿನಲ್ಲಿ ಆ ಹೊತ್ತಿಗೆ ಹೇಳುವಂಥ ಮಾತು ಒಂದೂ ಇರಲಿಲ್ಲ. ಅವರ ಬೆನ್ನ ಮೇಲೆ ಕೈಯಿಟ್ಟೆ. ಏಳಿಸಲು ನೋಡಿದೆ, ಏಳಲಿಲ್ಲ. ಕೊನೆಗೆ ಬರಿಗೈಯಲ್ಲಿ ಬಾಗಿಲಿಗೆ ಹಿಂದಿರುಗಿದೆ. ಬಾಗಿಲಿನಿಂದ ಕೊಟ್ಟಿಗೆಗೆ ದೂರವೇನಿಲ್ಲ. ನಡುವೆ ಇದ್ದದ್ದು ಗೋಣಿತಾಟಿನ ಪರದೆ. ಒಂದೊಂದು ಮಾತೂ ಎಲ್ಲರಿಗೂ ಕೇಳಿಸಿತ್ತು.

ಚಿನ್ನಪ್ಪನವರು ನೆಲ ನೋಡುತ್ತಿದ್ದರು. ನಾರಾಯಣಮ್ಮ ಅದುವರೆಗೂ ಗಂಡನ ಹಿಂದೆ ನಿಂತಿದ್ದರು. ಅವರ ಎಡಗೈಯಲ್ಲಿ ಸೋರೆಕಾಯಿಯ ಚೀಲವಿತ್ತು. ಬಲಗೈಯಲ್ಲಿ ಏನಿತ್ತೆಂದು ನಾನು ಆಗ ನೋಡಿದೆ. ಅತ್ತೆ ಗೇಟಿನ ಬಳಿ ಬಿಟ್ಟುಬಂದಿದ್ದ ಚಪ್ಪಲಿ. ಗಂಡಿನ ತಾಯಿ, ಹೆಣ್ಣಿನ ತಾಯಿಯ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಆ ಗಲ್ಲಿಯುದ್ದಕ್ಕೂ ನಡೆದು ಬಂದಿದ್ದರು. ಅದನ್ನು ಬಾಗಿಲ ಪಕ್ಕ ಜೋಡಿಸಿ ಇಟ್ಟರು.

"ನಂಗೆ ಕಾಲ್ ನೋಯ್ತದೆ," ಎಂದರು ಗಂಡನಿಗೆ. "ಕರೀಲಿ ಬುಡ್ಲಿ, ನಾನ್ ಒಳಿಕ್ಕೋಗಿ ಕೂರ್ತೀನಿ."

"ಏಯ್, ಕರೀದೆ ಹೊಸಲು..."

"ನೀವು ಹೊರಗೇ ಇರಿ. ಮರ್ವಾದೆ ಕಾಯ್ಕೊಂಡು."

ಗೌರಿಯ ಬಟ್ಟೆಯ ಗಂಟನ್ನು ನೆಲದಿಂದ ಎತ್ತಿಕೊಂಡು ಹೊಸಲು ದಾಟಿ ಒಳಗೆ ಹೋದರು. ಗಂಟನ್ನು ಮೂಲೆಯ ಚಾಪೆಯ ಮೇಲೆ ಇಟ್ಟು, "ಇಲ್ಲೇ ಮಲಗ್ತೀಯಾ ಇವಳೇ? ಗಾಳಿ ಬರ್ತದೆ, ಚೆನ್ನಾಗೈತೆ," ಎಂದು ಹೊರಗಿದ್ದ ಗೌರಿಗೆ ಕೇಳಿಸುವಂತೆ ಹೇಳಿದರು. ಗೌರಿ ಕಣ್ಣೊರೆಸಿಕೊಂಡು ಒಳಗೆ ಬಂದಳು. ಚಿನ್ನಪ್ಪನವರು ಸ್ವಲ್ಪ ಹೊತ್ತು ಬಿಸಿಲಲ್ಲೇ ನಿಂತಿದ್ದರು. ಆಮೇಲೆ ಜಗಲಿಯ ಮೇಲೆ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗದಲ್ಲಿ, ರುಮಾಲು ಹಾಸಿ ಕೂತರು. ನನ್ನ ಕಡೆ ನೋಡದೆ ಕೇಳಿದರು.

"ಒಂದ್ ಚೊಂಬು ನೀರ್ ಕೊಡವ್ವ."

ನಾನು ನೀರು ಕೊಟ್ಟು ಒಳಗೆ ಬಂದಾಗ ನಾರಾಯಣಮ್ಮ ಕೈತೊಳೆದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ರಾಗಿ ಹಿಟ್ಟು ಗಟ್ಟಿಯಾಗಿ ಬೆಂದಿತ್ತು, ತಿರುವಿ ಇಳಿಸಿದರು. "ನಾನ್ ಮಾಡ್ತೀನಿ ಅಮ್ಮ, ನೀವು ಬೀಗ್ರು," ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಕೈಗೆ ನೀರು ಮುಟ್ಟಿಸಿಕೊಂಡು, ಹಬೆಯಾಡುವ ಹಿಟ್ಟನ್ನು ಹಲಗೆಯ ಮೇಲೆ ಹೊರಳಿಸಿ ನುಣ್ಣಗೆ ಒಂದು ಮುದ್ದೆ ಕಟ್ಟಿದರು. ತಟ್ಟೆ ಎಲ್ಲಿ ಎಂದು ಕಣ್ಣಲ್ಲೇ ಕೇಳಿದರು. ತಂದುಕೊಟ್ಟೆ. ಮುದ್ದೆ ಇಟ್ಟು, ಪಾತ್ರೆಯ ತಳದಿಂದ ಒಳ್ಳೆಯ ತುಂಡುಗಳನ್ನು ಆರಿಸಿ ಹಾಕಿ, ಸಾರು ಬಿಟ್ಟರು.

ಗೋಣಿತಾಟು ಸರಿಸಿ ಕೊಟ್ಟಿಗೆಗೆ ಹೋದರು. ನಾನು ಹಿಂದೆಯೇ ಹೋಗಿ ಅಡ್ಡಗಂಬದ ಬಳಿ ನಿಂತೆ. ಹಸು ಕತ್ತು ತಿರುಗಿಸಿ ಹೊಸಬರನ್ನು ನೋಡಿತು. ನಾರಾಯಣಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದೇ ಹುಲ್ಲಿನ ಹೊರೆಯ ಮೇಲೆ ಅತ್ತೆಯ ಪಕ್ಕ ಕೂತರು. ಅತ್ತೆಯ ಮುಖದ 
ಮೇಲಿನ ಸೆರಗನ್ನು ಮೆಲ್ಲಗೆ ಸರಿಸಿ, ಅವರ ಎರಡೂ ಕೈಗಳಿಗೆ ತಟ್ಟೆ ಕೊಟ್ಟರು.